ಕಚ್ಚಿಕೊಂಡ ಬೋಲ್ಟು: ಸೈಕಲ್ ಕ್ರ್ಯಾಂಕು ಹೇಳುವ ಇತಿಹಾಸ

ಯಂತ್ರಗಳ ಇತಿಹಾಸವನ್ನು ನಾವು ಸಾಮಾನ್ಯವಾಗಿ ಹೊಸ ಆವಿಷ್ಕಾರಗಳ ಇತಿಹಾಸವೆಂದೇ ಓದುತ್ತೇವೆ. ಆದರೆ ಪ್ರತಿಯೊಂದು ಯಂತ್ರಕ್ಕೂ ಇನ್ನೊಂದು ಇತಿಹಾಸವಿದೆ. ಅದು ಭಾಗಗಳನ್ನು ಜೋಡಿಸಿದ ಹಾಗೂ ಬೇಕೆಂದಾಗ ಬೇರ್ಪಡಿಸಿದ ಇತಿಹಾಸ. ಜೋಡಣೆಯು ಯಂತ್ರ ಓಡುವಾಗ ಕದಲಬಾರದು. ದುರಸ್ತಿಯ ಹೊತ್ತಿಗೆ ಸಲೀಸಾಗಿ ಬಿಟ್ಟುಕೊಡಬೇಕು. ಈ ಎರಡು ಬೇಡಿಕೆಗಳು ಪರಸ್ಪರ ವಿರುದ್ಧವಾದವು. ಇವನ್ನು ಹೊಂದಿಸಲು ಮನುಷ್ಯ ಪಟ್ಟ ಪಾಡನ್ನು ಅರಿಯಲು ಸೈಕಲ್ಲೊಂದೇ ಸಾಕು. ಪೆಡಲನ್ನು ನಡುವಿನ ಅಚ್ಚಿಗೆ ಸೇರಿಸುವ ತೋಳನ್ನು, ಅಂದರೆ ಕ್ರ್ಯಾಂಕನ್ನು, ಗಮನಿಸಿ ನೋಡೋಣ.

1817ರಲ್ಲಿ ಜರ್ಮನಿಯ ಕಾರ್ಲ್ ವಾನ್ ಡ್ರೈಸ್ ರಚಿಸಿದ ದ್ವಿಚಕ್ರಿಗೆ ಪೆಡಲೇ ಇರಲಿಲ್ಲ. ಸವಾರ ಕಾಲಿನಿಂದ ನೆಲವನ್ನು ಒದ್ದು ಸಾಗುತ್ತಿದ್ದ. 1860ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಮುಂದಿನ ಚಕ್ರಕ್ಕೆ ಕ್ರ್ಯಾಂಕು ಮತ್ತು ಪೆಡಲು ಬಂದವು. 1885ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ರೂಪಿಸಿದ ರೋವರ್ ಸೈಕಲ್ಲು, ಚೈನಿನ ಮೂಲಕ ಹಿಂದಿನ ಚಕ್ರವನ್ನು ತಿರುಗಿಸಿತು. ಇಂದಿನ ಸೈಕಲ್ಲಿನ ಆಕಾರ ಆಗ ನಿಂತಿತು. ಅದರೊಂದಿಗೇ ಒಂದು ಪ್ರಶ್ನೆಯೂ ಎದ್ದಿತು: ಸವಾರನ ಇಡೀ ಭಾರವನ್ನು ಹೊತ್ತು ತಿರುಗುವ ಕ್ರ್ಯಾಂಕನ್ನು ಅಚ್ಚಿಗೆ ಹಿಡಿದಿಡುವುದು ಹೇಗೆ?

ಮೊದಲು ದೊರೆತ ಉತ್ತರ ಬೆಣೆ. ಮರ ಸೀಳುವವನಿಗೂ ಕಲ್ಲು ಒಡೆಯುವವನಿಗೂ ತಿಳಿದಿದ್ದ ಆ ಪುರಾತನ ಉಪಕರಣವೇ ಸೈಕಲ್ಲಿನಲ್ಲಿ ಕಾಟರ್ ಪಿನ್ ಎಂಬ ಹೆಸರು ಪಡೆಯಿತು. ನಮ್ಮ ಊರುಗಳ ಕರಿಯ ಸೈಕಲ್ಲುಗಳಲ್ಲಿ ಇದನ್ನು ನೀವು ನೋಡಿರಬಹುದು. ಒಂದು ಮಗ್ಗುಲು ಚಪ್ಪಟೆಯಾಗಿ ಓರೆ ಇರುವ ಈ ಉಕ್ಕಿನ ಪಿನ್ನನ್ನು ಸುತ್ತಿಗೆಯಿಂದ ಬಡಿದು ಕೂರಿಸಿ, ತುದಿಗೆ ನಟ್ಟು ಬಿಗಿಯುತ್ತಾರೆ. ತೆಗೆಯುವಾಗ ನಟ್ಟು ಸಡಿಲಿಸಿ ಆ ತುದಿಗೇ ಪೆಟ್ಟು ಕೊಡಬೇಕು. ಪೆಟ್ಟು ತಪ್ಪಿದರೆ ಪಿನ್ನಿನ ತುದಿ ಅಣಬೆಯಂತೆ ಅರಳಿ, ಅಲ್ಲೇ ಸಿಕ್ಕಿಕೊಳ್ಳುತ್ತದೆ. ಅನುಭವಿ ಮೆಕ್ಯಾನಿಕ್ಕು ಮೊದಲು ಕ್ರ್ಯಾಂಕಿನ ಕೆಳಗೆ ಗಟ್ಟಿಯಾದ ಆಸರೆ ಕೊಡುತ್ತಾನೆ. ಆಗ ಪೆಟ್ಟಿನ ಬಲ ಬೇರಿಂಗಿಗೆ ಹೋಗದೆ ಪಿನ್ನಿಗೇ ತಲುಪುತ್ತದೆ.

1930ರ ದಶಕದಲ್ಲಿ ಫ್ರಾನ್ಸಿನ ಸ್ಟ್ರಾಂಗ್‌ಲೈಟ್ ಕಂಪನಿ ಕಾಟರ್ ಪಿನ್ನಿಲ್ಲದ ಅಲ್ಯೂಮಿನಿಯಂ ಕ್ರ್ಯಾಂಕನ್ನು ಬಳಕೆಗೆ ತಂದಿತು. ಇಲ್ಲಿ ಅಚ್ಚಿನ ತುದಿಯೇ ಬೆಣೆಯಾಯಿತು. ಚೌಕಾಕಾರದ, ತುದಿಯತ್ತ ಸ್ವಲ್ಪವೇ ಕಿರಿದಾಗುವ ಆ ಅಚ್ಚಿನ ಮೇಲೆ ಚೌಕ ರಂಧ್ರದ ಕ್ರ್ಯಾಂಕನ್ನು ಇಟ್ಟು ಬೋಲ್ಟಿನಿಂದ ಬಿಗಿಯುತ್ತಾರೆ. ಬೋಲ್ಟಿನ ಥ್ರೆಡ್ಡು ಕೂಡ ಒಂದು ಬಗೆಯ ಬೆಣೆಯೇ. ಕಂಬಕ್ಕೆ ಸುರುಳಿ ಸುತ್ತಿದ ಇಳಿಜಾರು ಅದು. ಈ ಬೋಲ್ಟಿಗೆ ಬೇಕಾದ ಬಿಗಿ ಸುಮಾರು 40 ನ್ಯೂಟನ್-ಮೀಟರ್. ಎಂದರೆ 20 ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿಗೆ ಸುಮಾರು 20 ಕಿಲೋಗ್ರಾಂ ತೂಕ ತೂಗುಬಿಟ್ಟಷ್ಟು. ಹೀಗೆ ಕೂತ ಕ್ರ್ಯಾಂಕು ಬೋಲ್ಟು ತೆಗೆದ ಮೇಲೂ ಕದಲುವುದಿಲ್ಲ. ಅದನ್ನು ಹೊರಗೆಳೆಯಲು ಪುಲ್ಲರ್ ಎಂಬ ಪ್ರತ್ಯೇಕ ಉಪಕರಣವೇ ಬೇಕಾಯಿತು.

ಈ ಜೋಡಣೆಗೆ ನಿಜವಾದ ಪರೀಕ್ಷೆ ಒದಗಿದ್ದು ಬೆಟ್ಟದಲ್ಲಿ. ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಪ್ರಾಂತದಲ್ಲಿ 1970ರ ದಶಕದ ಕೆಲವು ಯುವಕರು ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನೇರಿ ಮಣ್ಣಿನ ಇಳಿಜಾರುಗಳಲ್ಲಿ ಓಡಿಸತೊಡಗಿದರು. 1976ರಲ್ಲಿ ಅಲ್ಲಿ ರೀಪ್ಯಾಕ್ ಎಂಬ ಇಳಿಜಾರಿನಲ್ಲಿ ಪಂದ್ಯಗಳು ಆರಂಭವಾದವು. ಒಂದು ಇಳಿತಕ್ಕೇ ಹಿಂಬದಿಯ ಬ್ರೇಕು ಕಾದು ಅದರೊಳಗಿನ ಗ್ರೀಸು ಸುಟ್ಟುಹೋಗುತ್ತಿತ್ತು. ಮತ್ತೆ ಗ್ರೀಸು ತುಂಬಬೇಕಾಗುತ್ತಿತ್ತು. ಆ ಹೆಸರು ಹುಟ್ಟಿದ್ದು ಹಾಗೆ. 1977ರಲ್ಲಿ ಜೋ ಬ್ರೀಜ್ ಇದಕ್ಕೆಂದೇ ಹೊಸ ಫ್ರೇಮು ಕಟ್ಟಿದರು. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿಯ ಸ್ಟಂಪ್‌ಜಂಪರ್ ಮಾರುಕಟ್ಟೆಗೆ ಬಂದಿತು. 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಮೌಂಟನ್ ಬೈಕ್ ಸ್ಪರ್ಧೆಗೂ ಸ್ಥಾನ ಸಿಕ್ಕಿತು. ಕೆಸರು, ಹಳ್ಳದ ನೀರು, ಧೂಳುಗಳ ನಡುವೆ ಓಡುವ ಈ ಸೈಕಲ್ಲಿನಲ್ಲಿ ಉಕ್ಕಿನ ಬೋಲ್ಟು, ಉಕ್ಕಿನ ಅಚ್ಚು, ಅಲ್ಯೂಮಿನಿಯಂ ಕ್ರ್ಯಾಂಕು ಒಟ್ಟಿಗೆ ನೆನೆದವು. ಬೋಲ್ಟುಗಳು ಕಚ್ಚಿಕೊಳ್ಳತೊಡಗಿದವು.

ಇದರ ಕಾರಣ ತಿಳಿಯಲು ಇನ್ನೂ ಹಿಂದಕ್ಕೆ, ಸಮುದ್ರಕ್ಕೆ ಹೋಗಬೇಕು. 1761ರಲ್ಲಿ ಬ್ರಿಟಿಷ್ ನೌಕಾಪಡೆಯು ಅಲಾರ್ಮ್ ಎಂಬ ಹಡಗಿನ ತಳಕ್ಕೆ, ಮರ ಕೊರೆಯುವ ಹುಳುಗಳಿಂದ ರಕ್ಷಣೆಗಾಗಿ, ತಾಮ್ರದ ತಗಡು ಹೊದಿಸಿತು. 1763ರಲ್ಲಿ ಪರೀಕ್ಷಿಸಿದಾಗ ತಾಮ್ರಕ್ಕೆ ತಾಗಿದ್ದ ಕಬ್ಬಿಣದ ಮೊಳೆಗಳು ತಿಂದುಹೋಗಿದ್ದವು. ನಡುವೆ ಕಂದು ಕಾಗದ ಉಳಿದಿದ್ದ ಕಡೆ ಮಾತ್ರ ಮೊಳೆಗಳು ಕ್ಷೇಮವಾಗಿದ್ದವು. ಎರಡು ಭಿನ್ನ ಲೋಹಗಳು ಉಪ್ಪುನೀರಿನಲ್ಲಿ ಕೂಡಿದರೆ ಸಣ್ಣ ವಿದ್ಯುತ್ ಕೋಶವೇ ಉಂಟಾಗಿ, ಒಂದು ಲೋಹ ಸವೆಯುತ್ತದೆ. 1800ರಲ್ಲಿ ವೋಲ್ಟಾ ತನ್ನ ಬ್ಯಾಟರಿಯನ್ನು ಪ್ರಕಟಿಸಿದ ಮೇಲೆ ಇದರ ಮರ್ಮ ಬಿಡಿಸತೊಡಗಿತು. ಕ್ರ್ಯಾಂಕಿನಲ್ಲಿ ಸವೆಯುವುದು ಅಲ್ಯೂಮಿನಿಯಂ. ಅದರ ಬಿಳಿಯ ಪುಡಿಯೂ ಉಕ್ಕಿನ ತುಕ್ಕೂ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುತ್ತವೆ. ಇಕ್ಕಟ್ಟಿನ ಸಂದಿಯಲ್ಲಿ ಆ ಪುಡಿ ತಾನೇ ಬೆಣೆಯಾಗಿ ನಿಲ್ಲುತ್ತದೆ.

ಹೀಗಿರುವಾಗ ಬಿಡಿಸುವ ಕ್ರಮವೇನು? ಮೊದಲನೆಯದು ದಿಕ್ಕು. ಎಡಗಡೆಯ ಪೆಡಲಿನ ಥ್ರೆಡ್ಡು ಮಾತ್ರ ತಿರುಗುಮುರುಗು. ಚೌಕ ಅಚ್ಚಿನ ಬೋಲ್ಟುಗಳು ಸಾಮಾನ್ಯವಾಗಿ ಎರಡೂ ಕಡೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಬಿಚ್ಚುತ್ತವೆ. ಎರಡನೆಯದು ಎಣ್ಣೆ ಮತ್ತು ತಾಳ್ಮೆ. ಸಂದಿಗಿಳಿಯುವ ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಬೇಕು. ಪ್ರಸಿದ್ಧವಾದ ಡಬ್ಲ್ಯೂಡಿ-40 ದ್ರವವು 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ನೀರನ್ನು ಹೊರದೂಡಿ ತುಕ್ಕು ತಡೆಯಲೆಂದು ತಯಾರಾಯಿತು. ನಲವತ್ತನೆಯ ಪ್ರಯತ್ನ ಫಲಿಸಿದ್ದರಿಂದ ಆ ಸಂಖ್ಯೆ. ಮೂರನೆಯದು ಸನ್ನೆಯ ತತ್ತ್ವ. ಸ್ಪ್ಯಾನರಿಗೆ ಕೊಳವೆ ತೊಡಿಸಿ ಹಿಡಿಯನ್ನು ಮೂರುಪಟ್ಟು ಉದ್ದ ಮಾಡಿದರೆ ಮೂರನೆಯ ಒಂದು ಪಾಲು ಬಲ ಸಾಕು. ಸ್ಪ್ಯಾನರು ಮಾತ್ರ ಬೋಲ್ಟಿನ ತಲೆಗೆ ಪೂರ್ತಿ ಕೂತಿರಬೇಕು. ನಾಲ್ಕನೆಯದು ಶಾಖ. ಕಮ್ಮಾರನು ಕಬ್ಬಿಣದ ಪಟ್ಟಿಯನ್ನು ಕಾಯಿಸಿ, ಹಿಗ್ಗಿಸಿ ಗಾಡಿಯ ಚಕ್ರಕ್ಕೆ ತೊಡಿಸುತ್ತಿದ್ದನಲ್ಲ, ಅದೇ ನಿಯಮ. ಕಾಯಿಸಿದಾಗ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುವುದರಿಂದ, ಕ್ರ್ಯಾಂಕಿಗೆ ಬಿಸಿನೀರು ಹೊಯ್ದರೂ ಹಿಡಿತ ಸಡಿಲಾಗಬಹುದು. ಎಣ್ಣೆ ಹಾಕಿದ ಜಾಗಕ್ಕೆ ಬೆಂಕಿ ಹಿಡಿಯುವುದು ಅಪಾಯ.

ಬೋಲ್ಟು ಬಂದ ಮೇಲೆ ಅದರ ವಾಷರು ಒಳಗೇ ಉಳಿದಿಲ್ಲವೆಂದು ನೋಡಿ, ಪುಲ್ಲರನ್ನು ಕೊನೆಯವರೆಗೂ ತಿರುಗಿಸಿ ಕೂರಿಸಬೇಕು. ಆತುರಪಟ್ಟರೆ ಮೆದುವಾದ ಅಲ್ಯೂಮಿನಿಯಂ ಥ್ರೆಡ್ಡು ಕಿತ್ತುಹೋಗುತ್ತದೆ. ಬೋಲ್ಟು ಸಡಿಲಿಸಿ ಹಾಗೆಯೇ ಸವಾರಿ ಮಾಡಿದರೆ ಕ್ರ್ಯಾಂಕು ತಾನೇ ಬಿಡುತ್ತದೆಂಬ ಉಪಾಯವೂ ಬಳಕೆಯಲ್ಲಿದೆ. ಅದರಿಂದ ಚೌಕ ರಂಧ್ರ ದುಂಡಾಗಿ, ಮತ್ತೆಂದೂ ಬಿಗಿಯಾಗುವುದಿಲ್ಲ. ಕೆಲವು ರೂಪಾಯಿಯ ಗ್ರೀಸಿನಿಂದ ಉಳಿಯಬಹುದಾಗಿದ್ದ ಕ್ರ್ಯಾಂಕು ಗುಜರಿಗೆ ಸೇರುತ್ತದೆ.

ಅಲಾರ್ಮ್ ಹಡಗಿನ ಮೊಳೆಗಳನ್ನು ಕಂದು ಕಾಗದ ಕಾಪಾಡಿದಂತೆ, ಬೋಲ್ಟನ್ನು ಅದಕ್ಕೆ ಸವರಿದ ಗ್ರೀಸು ಕಾಪಾಡುತ್ತದೆ: ನೀರು ಲೋಹಗಳ ನಡುವೆ ನುಸುಳದಂತೆ ತಡೆಯುತ್ತದೆ. ಕಚ್ಚಿಕೊಂಡ ಬೋಲ್ಟನ್ನು ಬಿಡಿಸುವ ಕೆಲಸ ಹಾಗಾಗಿ ಅದನ್ನು ಬಿಗಿಯುವ ದಿನವೇ ಆರಂಭವಾಗುತ್ತದೆ. ಇನ್ನೊಬ್ಬರು ಮುಂದೊಂದು ದಿನ ಇದನ್ನು ಬಿಚ್ಚಬೇಕಾದೀತು ಎಂದು ನೆನೆದು ಬಿಗಿಯುವವನೇ ಒಳ್ಳೆಯ ಕುಶಲಕರ್ಮಿ.