ಕಂದಾಯದ ಕೂಗಿನಿಂದ ರಾಜ್ಯಾಂಗದವರೆಗೆ

ರಾಜ್ಯಾಂಗದ ಇತಿಹಾಸವನ್ನು ಓದಿದವರಿಗೆ ಅಮೆರಿಕದ ಕಥೆ ಅಪರಿಚಿತವಲ್ಲ. ತಮ್ಮ ಪ್ರತಿನಿಧಿಗಳಿಲ್ಲದ ಪಾರ್ಲಿಮೆಂಟು ತಮ್ಮ ಮೇಲೆ ತೆರಿಗೆ ಹೊರಿಸಕೂಡದೆಂದು ೧೭೬೫ರಲ್ಲಿ ತಕರಾರು ತೆಗೆದ ಅಲ್ಲಿಯ ವಸಾಹತುಗಾರರು, ೧೭೭೬ರಲ್ಲಿ ಸ್ವಾತಂತ್ರ್ಯವನ್ನು ಸಾರಿ, ೧೭೮೭ರಲ್ಲಿ ಫಿಲಡೆಲ್ಫಿಯದಲ್ಲಿ ಕುಳಿತು ತಮ್ಮ ಸರ್ಕಾರದ ಕಟ್ಟಳೆಯನ್ನು ತಾವೇ ಬರೆದುಕೊಂಡರು. ಆ ಕಟ್ಟಳೆಯ ನೆರಳು ಗುಲಾಮರಿಗೆ ದೊರೆಯಲಿಲ್ಲವೆಂಬುದು ಅದರ ದೊಡ್ಡ ಕಲಂಕ. ಆದರೂ ತೆರಿಗೆ ತೆರುವವನಿಗೆ ಆಳ್ವಿಕೆಯಲ್ಲಿ ಮಾತಿರಬೇಕೆಂಬ ತತ್ತ್ವವು ಅಲ್ಲಿ ಬೇರೂರಿತು. ಇದೇ ಪ್ರಶ್ನೆಯನ್ನು ತುಂಗಭದ್ರೆಯ ದಡದ ರೈತರೂ ಒಮ್ಮೆ ಎತ್ತಿದ್ದರು. ಅವರಿಗೆ ಉತ್ತರವು ದೊರೆತದ್ದು ಹೇಗೆಂಬುದು ವಿಚಾರಾರ್ಹವಾದ ಸಂಗತಿ.

ಟಿಪ್ಪು ಸುಲ್ತಾನನ ಪತನಾನಂತರ, ೧೭೯೯ರಲ್ಲಿ ಮೈಸೂರು ಸಂಸ್ಥಾನವು ಮುಮ್ಮಡಿ ಕೃಷ್ಣರಾಜ ಒಡೆಯರ ವಶವಾಯಿತು. ಅಂದಿನ ಒಪ್ಪಂದದ ಮೇರೆಗೆ ಸಂಸ್ಥಾನವು ವರ್ಷಂಪ್ರತಿ ಏಳು ಲಕ್ಷ ವರಹಗಳನ್ನು ಈಸ್ಟ್ ಇಂಡಿಯಾ ಕಂಪೆನಿಗೆ ಪೊಗದಿಯಾಗಿ ಕೊಡಬೇಕಾಗಿತ್ತು. ದಿವಾನ್ ಪೂರ್ಣಯ್ಯನವರ ಅಧಿಕಾರವು ಮುಗಿದ ಮೇಲೆ ಕೆಲವು ವರ್ಷಗಳಲ್ಲಿ ಬೊಕ್ಕಸವು ಬರಿದಾಗುತ್ತ ಬಂದಿತು. ಆಗ ಬಲಗೊಂಡದ್ದೇ 'ಷರತ್ತು' ಎಂಬ ಪದ್ಧತಿ. ಅಮಲ್ದಾರನು ತನ್ನ ತಾಲ್ಲೂಕಿನಿಂದ ಇಂತಿಷ್ಟು ಹಣವನ್ನು ಎತ್ತಿಕೊಡುವೆನೆಂದು ಸರ್ಕಾರಕ್ಕೆ ಬರೆದುಕೊಡುವನು. ಹೆಚ್ಚಾದುದು ಸರ್ಕಾರಕ್ಕೆ ಸಲ್ಲಬೇಕು, ಕಡಿಮೆಯಾದುದನ್ನು ಅವನೇ ತುಂಬಬೇಕು. ಹೀಗಿರಲಾಗಿ ಮಳೆ ಬಂದರೇನು, ಬಾರದಿದ್ದರೇನು? ಅಮಲ್ದಾರನ ಕಣ್ಣು ರೈತನ ಕಣಜದ ಮೇಲೆಯೇ. ಭೂಕಂದಾಯದೊಡನೆ ಚಿಲ್ಲರೆ ತೆರಿಗೆಗಳೂ ಲೆಕ್ಕವಿಲ್ಲದಷ್ಟಿದ್ದವು. ಮದುವೆಗೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಅದಕ್ಕೆ ಹೆಸರಿಟ್ಟರೆ ತೆರಿಗೆ ಎಂಬ ಸ್ಥಿತಿ ಇದ್ದಿತು.

ಈ ಬೇಗೆಯು ನಗರ ಫೌಜುದಾರಿಯಲ್ಲಿ ೧೮೩೦ರಲ್ಲಿ ಉರಿಯಾಗಿ ಎದ್ದಿತು. ಈಗಿನ ಚನ್ನಗಿರಿ ತಾಲ್ಲೂಕಿಗೆ ಸೇರಿದ ಬಸವಾಪಟ್ಟಣದಲ್ಲಿ ರೈತರು ಕೂಟ ಸೇರಿ, ಬೇರೆ ಗ್ರಾಮಗಳವರನ್ನೂ ಕರೆದರು. ಚನ್ನಗಿರಿ, ಹೊನ್ನಾಳಿ ಸೀಮೆಗಳಲ್ಲಿ ದಂಗೆಯು ಹಬ್ಬಿತು. ಕೆಳದಿಯ ಅರಸರ ವಂಶದವನೆಂದು ಹೇಳಿಕೊಂಡ ಬೂದಿ ಬಸವಪ್ಪನು ಅದಕ್ಕೆ ನಾಯಕನಾದನು. ತರೀಕೆರೆಯ ಪಾಳೆಯಗಾರ ರಂಗಪ್ಪನಾಯಕನೂ ಎದ್ದು ನಿಂತನು. ಈ ನಾಯಕರಿಗೆ ತಮ್ಮ ತಮ್ಮ ಪಟ್ಟದ ಆಸೆ ಇದ್ದಿರಬಹುದು. ಆದರೆ ಗುದ್ದಲಿ ಹಿಡಿದ ಕೈಗಳು ಕತ್ತಿಯನ್ನು ಹಿಡಿದುದು ಪಟ್ಟಕ್ಕಾಗಿ ಅಲ್ಲ, ಕಂದಾಯದ ಭಾರವನ್ನು ತಾಳಲಾರದೆ.

ದಂಗೆಯು ಅಡಗಿತು, ಆದರೆ ಅದರ ಫಲವು ರೈತರು ನೆನೆಯದ ರೀತಿಯದಾಯಿತು. ೧೮೩೧ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ವಿಲಿಯಂ ಬೆಂಟಿಂಕನು ಹಳೆಯ ಒಪ್ಪಂದವನ್ನು ಮುಂದೊಡ್ಡಿ ಸಂಸ್ಥಾನದ ಆಡಳಿತವನ್ನೇ ಕಂಪೆನಿಯ ಕೈಗೆ ತೆಗೆದುಕೊಂಡನು. ವಿಚಾರಣೆಗಾಗಿ ನಿಯಮಿತವಾದ ಸಮಿತಿಯಲ್ಲಿದ್ದ ಮಾರ್ಕ್ ಕಬ್ಬನನು ೧೮೩೪ರಿಂದ ೧೮೬೧ರವರೆಗೆ ಕಮಿಷನರನಾಗಿ ಆಳಿದನು. ಅವನ ಕಾಲದಲ್ಲಿ ೭೬೯ ಚಿಲ್ಲರೆ ತೆರಿಗೆಗಳು ರದ್ದಾದವು. ಇದು ಸಣ್ಣ ಉಪಕಾರವಲ್ಲ. ಆದರೆ ತೆರಿಗೆಯನ್ನು ಹೊರಿಸಿದಾಗ ರೈತನನ್ನು ಯಾರೂ ಕೇಳಿರಲಿಲ್ಲ, ಇಳಿಸಿದಾಗಲೂ ಕೇಳಲಿಲ್ಲ. ಅಮೆರಿಕದವರಿಗೆ ದಂಗೆಯಿಂದ ಹಕ್ಕು ಬಂದಿತು. ನಗರದವರಿಗೆ ದಂಗೆಯಿಂದ ದಯೆ ಬಂದಿತು. ದಯೆಯು ಆಳುವವನ ಗುಣವನ್ನು ಅವಲಂಬಿಸಿರುವುದು, ಹಕ್ಕು ಹಾಗಲ್ಲ.

ಐವತ್ತು ವರ್ಷಗಳ ತರುವಾಯ, ೧೮೮೧ರ ಮಾರ್ಚ್ ೨೫ರಂದು ಸಂಸ್ಥಾನವು ಚಾಮರಾಜೇಂದ್ರ ಒಡೆಯರಿಗೆ ಮರಳಿ ಬಂದಿತು. ಆಗ ಬರೆದ ಹಸ್ತಾಂತರ ಪತ್ರವು ಅರಸರ ಸ್ವಂತ ವೆಚ್ಚಕ್ಕೂ ರಾಜ್ಯದ ಹುಟ್ಟುವಳಿಗೂ ನಡುವೆ ಗೆರೆ ಎಳೆಯಿತು. ೧೮೩೧ರ ಪಾಠವು ಅದರಲ್ಲಿ ಸ್ಪಷ್ಟವಾಗಿ ಕಾಣುವುದು. ಆದರೆ ಆ ಪತ್ರವು ಅರಸನನ್ನು ಸಾರ್ವಭೌಮ ಸರ್ಕಾರಕ್ಕೆ ಹೊಣೆಯಾಗಿಸಿತೇ ಹೊರತು ಪ್ರಜೆಗಳಿಗಲ್ಲ. ಆ ಕೊರತೆಯನ್ನು ತುಸುವಾದರೂ ತುಂಬಲೆಳಸಿದವರು ದಿವಾನ್ ರಂಗಾಚಾರ್ಲು. ಅವರ ಕಾಲದಲ್ಲಿ, ಅದೇ ವರ್ಷದ ಅಕ್ಟೋಬರ್ ೭ರಂದು, ದಸರೆಯ ಸಮಯದಲ್ಲಿ ಪ್ರಜಾಪ್ರತಿನಿಧಿ ಸಭೆಯು ಮೊದಲ ಬಾರಿಗೆ ಸೇರಿತು. ೧೪೪ ಮಂದಿ ರೈತರೂ ವರ್ತಕರೂ ಮೈಸೂರಿನಲ್ಲಿ ಕುಳಿತು ರಾಜ್ಯದ ಆದಾಯವ್ಯಯಗಳ ವರದಿಯನ್ನು ದಿವಾನರ ಬಾಯಿಂದಲೇ ಕೇಳಿದರು.

ಸಭೆಗೆ ಕೇಳುವ ಕಿವಿಯೂ ಆಡುವ ಬಾಯಿಯೂ ಇದ್ದವು. ಆಜ್ಞೆ ಮಾಡುವ ಕೈ ಮಾತ್ರ ಇರಲಿಲ್ಲ. ೧೮೯೧ರಲ್ಲಿ ಪ್ರತಿನಿಧಿಗಳನ್ನು ಚುನಾಯಿಸುವ ಏರ್ಪಾಡು ಬಂದರೂ ಅದು ಉಳ್ಳವರ ಪಾಲಿಗಾಯಿತು. ೧೯೦೭ರಲ್ಲಿ ನ್ಯಾಯವಿಧಾಯಕ ಸಭೆಯು ಸ್ಥಾಪಿತವಾಯಿತು. ೧೯೨೩ರಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಕಾನೂನಿನ ಆಧಾರ ದೊರೆತು, ಮತದಾನಕ್ಕೆ ಸ್ತ್ರೀಯರಿಗಿದ್ದ ತಡೆಯೂ ತೊಲಗಿತು. ಇಷ್ಟಾದರೂ ದಿವಾನರು ಉತ್ತರ ಹೇಳಬೇಕಾದುದು ಮಹಾರಾಜರಿಗೆ, ಸಭೆಗಲ್ಲ.

ಈ ಕಟ್ಟು ಸಡಿಲಿದುದು ೧೯೪೭ರಲ್ಲಿ. ಭಾರತವು ಸ್ವತಂತ್ರವಾದ ಮೇಲೂ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರವು ಬಾರದಿರಲು, ಸೆಪ್ಟೆಂಬರ್ ೧ರಂದು 'ಮೈಸೂರು ಚಲೋ' ಚಳವಳಿಯು ಆರಂಭವಾಯಿತು. ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲವು ಅಧಿಕಾರಕ್ಕೆ ಬಂದಿತು. ೧೯೪೯ರ ನವೆಂಬರ್ ೨೫ರಂದು ಜಯಚಾಮರಾಜ ಒಡೆಯರು, ಭಾರತದ ರಾಜ್ಯಾಂಗವೇ ಮೈಸೂರಿಗೂ ಅನ್ವಯಿಸತಕ್ಕದ್ದೆಂದು ಘೋಷಿಸಿದರು. ಮೈಸೂರು ತನಗೆಂದು ಬೇರೊಂದು ಕಟ್ಟಳೆಯನ್ನು ಬರೆದುಕೊಳ್ಳದೆ, ಇಡೀ ದೇಶದ ಕಟ್ಟಳೆಯೊಳಗೆ ಸೇರಿಹೋಯಿತು. ೧೯೫೦ರ ಜನವರಿ ೨೬ರಿಂದ ಮಹಾರಾಜರ ಪ್ರಜೆಯು ಗಣರಾಜ್ಯದ ಪೌರನಾದನು.

ಬಸವಾಪಟ್ಟಣದ ಕೂಟದಿಂದ ಆ ದಿನದವರೆಗೆ ಸುಮಾರು ನೂರಿಪ್ಪತ್ತು ವರ್ಷ. ಆ ರೈತರು ರಾಜ್ಯಾಂಗವನ್ನು ಬಯಸಿ ಎದ್ದರೆಂದು ಹೇಳುವುದು ಅತಿಶಯೋಕ್ತಿಯಾದೀತು. ಬೆನ್ನಿನ ಹೊರೆ ಇಳಿಯಲೆಂಬುದಷ್ಟೇ ಅವರ ಬಯಕೆ. ಆದರೆ ಹೊರೆಯನ್ನು ಹೊರಿಸುವವನು ಯಾರಿಗೆ ಉತ್ತರ ಹೇಳಬೇಕೆಂಬ ಪ್ರಶ್ನೆಯು ಆ ಬಯಕೆಯೊಳಗೇ ಅಡಗಿದ್ದಿತು. ೧೯೯೭ರಲ್ಲಿ ಚನ್ನಗಿರಿ, ಹೊನ್ನಾಳಿ, ಜಗಳೂರುಗಳನ್ನು ಒಳಗೊಂಡು ದಾವಣಗೆರೆ ಜಿಲ್ಲೆಯು ರಚಿತವಾದಾಗ ರಾಜ್ಯದ ಮುಖ್ಯಮಂತ್ರಿಯಾಗಿದ್ದವರು ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ. ಎಚ್. ಪಟೇಲರು. ತರುವಾಯ ಹೊನ್ನಾಳಿಯಿಂದ ಬೇರ್ಪಟ್ಟು ನ್ಯಾಮತಿಯೂ ತಾಲ್ಲೂಕಾಯಿತು. ಒಮ್ಮೆ ಫೌಜುದಾರನ ಆಳುಗಳಿಗೆ ಹೆದರಿ ಕೂಟ ಸೇರಿದ ಸೀಮೆಯವನೇ ಜನರ ಮತದಿಂದ ಆಳುವ ಪೀಠವನ್ನೇರಿದನು; ಅದೇ ಮತಕ್ಕೆ ತಲೆಬಾಗಿ ೧೯೯೯ರಲ್ಲಿ ಇಳಿದನು. ಏರುವುದಕ್ಕಿಂತಲೂ ಹೀಗೆ ಇಳಿಯಬೇಕಾದ ನಿಯಮದಲ್ಲಿಯೇ ರಾಜ್ಯಾಂಗದ ಸಾರವಿರುವುದು.