ಸಾರೋಟಿನಿಂದ ಥಾರ್‌ವರೆಗೆ: ಮದ್ರಾಸಿನಲ್ಲಿ ಉಜ್ಜುವ ಚಕ್ರದ ಕಥೆ

ಗಾಲಿ ಬಂಡಿಯ ಮೈಗೆ ಉಜ್ಜುವ ತಕರಾರು ಮೋಟಾರು ಹುಟ್ಟುವುದಕ್ಕೂ ಮುಂಚಿನದು. ಕುದುರೆ ಸಾರೋಟಿನ ಮುಂದಿನ ಗಾಲಿಗಳು ಹಿಂದಿನವಕ್ಕಿಂತ ಚಿಕ್ಕವಾಗಿರುತ್ತಿದ್ದವು. ತಿರುವು ಬಂದಾಗ ಅವು ಪೆಟ್ಟಿಗೆಯ ಅಡಿಗೆ ನುಸುಳಬೇಕಿತ್ತು. ಅಷ್ಟು ಜಾಗವಿಲ್ಲದ ಸರಕಿನ ಬಂಡಿಗಳಲ್ಲಿ ಯುರೋಪಿನ ಬಡಗಿಗಳು ಪಕ್ಕದ ಹಲಗೆಗೆ ಕಬ್ಬಿಣದ ತಗಡೊಂದನ್ನು ಹೊಡೆಯುತ್ತಿದ್ದರು. ಉಜ್ಜುವುದಾದರೆ ಗಾಲಿ ಕಬ್ಬಿಣಕ್ಕೆ ಉಜ್ಜಲಿ, ಮರ ಉಳಿಯಲಿ ಎಂಬ ಲೆಕ್ಕ. ಇಂದು ಚೆನ್ನೈನ ಗ್ಯಾರೇಜಿನಲ್ಲಿ ಎತ್ತರಿಸಿದ ಜೀಪಿನ ಸ್ಟೇರಿಂಗನ್ನು ಫುಲ್ ಕಟ್ ಮಾಡಿ, ಅಂದರೆ ಕೊನೆಯವರೆಗೆ ತಿರುಗಿಸಿ, ಟೈರು ಎಲ್ಲಿ ತಾಗುತ್ತದೆಂದು ಬಗ್ಗಿ ನೋಡುವ ಮೇಸ್ತ್ರಿಯ ಮುಂದಿರುವುದೂ ಅದೇ ಪ್ರಶ್ನೆ. ಚಕ್ರ ತಿರುಗಬೇಕು, ಏಳಬೇಕು, ಇಳಿಯಬೇಕು. ಅದಕ್ಕೆ ಬೇಕಾದ ಜಾಗವನ್ನು ಎಲ್ಲಿಂದ ತರುವುದು?

ಮದ್ರಾಸಿಗೆ ಈ ಪ್ರಶ್ನೆಯ ಜೊತೆ ಬಹಳ ಹಳೆಯ ನಂಟಿದೆ. ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಜೋಡಿಸಿ ಸಾರೋಟನ್ನು ತೂಗಿಸುವ ವಿಧಾನಕ್ಕೆ ಲಂಡನ್ನಿನ ಒಬದಾಯ ಎಲಿಯಟ್ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲೇ ಪೇಟೆಂಟ್ ಪಡೆದಿದ್ದ. 1840ರಲ್ಲಿ ಮದ್ರಾಸಿನಲ್ಲಿ ಶುರುವಾದ ಸಿಂಪ್ಸನ್ ಕಂಪನಿ ಮೌಂಟ್ ರೋಡಿನಲ್ಲಿ ಅಂಥ ಸಾರೋಟು ಕಟ್ಟಿ ಹೆಸರು ಮಾಡಿತು. ರಾಜರು, ಅಧಿಕಾರಿಗಳು ಅದರ ಗಿರಾಕಿಗಳು. ಅಲ್ಲಿನ ಕಮ್ಮಾರರು ಪಟ್ಟಿ ಬಗ್ಗಿಸುತ್ತಿದ್ದರು, ಬಡಗಿಗಳು ಮುಂದಿನ ಗಾಲಿಗೆ ದಾರಿ ಬಿಟ್ಟು ಪೆಟ್ಟಿಗೆಯ ತಳವನ್ನು ಕಮಾನಿನಂತೆ ಕೊರೆಯುತ್ತಿದ್ದರು. ಒಬ್ಬನ ಕೆಲಸ ಇನ್ನೊಬ್ಬನ ಕೆಲಸಕ್ಕೆ ಹೊಂದದಿದ್ದರೆ ಗಾಲಿ ಉಜ್ಜುತ್ತಿತ್ತು. ಇಂದಿನ ಸಸ್ಪೆನ್ಷನ್ ಕೆಲಸದ ಸಾರವೆಲ್ಲ ಆ ಹೊಂದಾಣಿಕೆಯಲ್ಲೇ ಇತ್ತು.

ಅದೇ ಕಂಪನಿಯಲ್ಲಿ ಸ್ಯಾಮುಯೆಲ್ ಜಾನ್ ಗ್ರೀನ್ 1903ರಲ್ಲಿ ಉಗಿಯಿಂದ ಓಡುವ ಕಾರೊಂದನ್ನು ಕಟ್ಟಿದ. ಎರಡೇ ವರ್ಷದಲ್ಲಿ ಸಿಂಪ್ಸನ್ನಿನ ಉಗಿ ಬಸ್ಸು ಬೆಜವಾಡ ಮತ್ತು ಮಚಲೀಪಟ್ಟಣದ ನಡುವೆ ಓಡಿತು. ನಗರದ ರಸ್ತೆಗೆ ಮೋಟಾರು ಆಗಲೇ ಇಳಿದಿತ್ತು. ಬಂದರು ಮಂಡಳಿಯ ಅಧ್ಯಕ್ಷರಾಗಿದ್ದ ಸರ್ ಫ್ರಾನ್ಸಿಸ್ ಸ್ಪ್ರಿಂಗ್ ಅವರ ಕಾರು ಎಂಸಿ-1 ಎಂಬ ಸಂಖ್ಯೆ ಹೊತ್ತಿತ್ತು. ಕುದುರೆ ಹೋಯಿತು, ಎಂಜಿನ್ ಬಂತು, ಪಟ್ಟಿಯ ಸ್ಪ್ರಿಂಗ್ ಮಾತ್ರ ಹಾಗೆಯೇ ಉಳಿಯಿತು. ಮಂಗಳೂರು ಆಗ ಮದ್ರಾಸ್ ಪ್ರಾಂತಕ್ಕೇ ಸೇರಿತ್ತು. ಅಲ್ಲಿ 1914ರಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ ಹುಟ್ಟಿ, ಸಿಪಿಸಿ ಬಸ್ಸಾಗಿ ಕರಾವಳಿಯ ಮನೆಮಾತಾಯಿತು. ಕೆಂಪು ಮುರಕಲ್ಲಿನ ಆ ದಾರಿಗಳಲ್ಲೂ ಬಸ್ಸನ್ನು ಹೊತ್ತದ್ದು ಇಂಥ ಪಟ್ಟಿಗಳೇ.

ಎತ್ತರದ ಹಂಬಲ ಶುರುವಾದದ್ದು ಜೀಪಿನಿಂದ. ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪಿನ ಮುಂದಿನ ಹಾಗೂ ಹಿಂದಿನ ಅಚ್ಚುಗಳ ನಡುವಿನ ಅಂತರ 80 ಇಂಚು, ಟೈರು 6.00-16. ಯುದ್ಧ ಮುಗಿದ ಮೇಲೆ ಮಹೀಂದ್ರ ಕಂಪನಿ ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿತು. ಮುಂದೆ ದಶಕಗಟ್ಟಲೆ ದೇಶದ ಅರಣ್ಯ ಇಲಾಖೆ, ಎಸ್ಟೇಟು, ಪೊಲೀಸ್ ಠಾಣೆಗಳಲ್ಲೆಲ್ಲ ಓಡಿದ್ದು ಅದರ ಮಕ್ಕಳು ಮೊಮ್ಮಕ್ಕಳೇ. ಈ ಜೀಪುಗಳಲ್ಲಿ ಸ್ಪ್ರಿಂಗ್ ಪಟ್ಟಿಗಳ ಕಟ್ಟು ಅಚ್ಚಿನ ಕೆಳಗಿರುತ್ತದೆ. ಅದನ್ನು ಅಚ್ಚಿನ ಮೇಲಕ್ಕೆ ತಂದು ಕೂರಿಸಿದರೆ ಅಚ್ಚಿನ ದಪ್ಪ, ಪಟ್ಟಿಗಳ ಕಟ್ಟಿನ ದಪ್ಪ ಎರಡೂ ಸೇರಿ ಬಂಡಿಯ ಮೈ ನಾಲ್ಕೈದು ಇಂಚು ಏಳುತ್ತದೆ. ಹೊಸ ಸ್ಪ್ರಿಂಗ್ ಬೇಡ, ಯು-ಬೋಲ್ಟ್ ಮತ್ತು ವೆಲ್ಡಿಂಗ್ ಸಾಕು. ಕಡಿಮೆ ಕಾಸಿನಲ್ಲಿ ಹೆಚ್ಚು ಎತ್ತರ ಕೊಡುವ ಈ ಉಪಾಯ ಜೀಪು ಇದ್ದಲ್ಲೆಲ್ಲ ಹರಡಿತು.

ಏರಿಸುವುದು ಸುಲಭ, ಏರಿಸಿದ ಮೇಲೆ ಚಕ್ರವನ್ನು ಅದರ ಜಾಗದಲ್ಲಿ ನಿಲ್ಲಿಸುವುದೇ ಕಸುಬು. ಅಚ್ಚನ್ನು ಬೆಸೆಯುವಾಗ ಕೋನ ತುಸು ತಪ್ಪಿದರೂ ಸ್ಟೇರಿಂಗ್ ತಾನಾಗಿ ನೇರಕ್ಕೆ ಮರಳುವ ಗುಣ ಕಳೆದುಕೊಳ್ಳುತ್ತದೆ. ಪ್ರೊಪೆಲ್ಲರ್ ಶಾಫ್ಟು ಕಡಿದಾಗಿ ಇಳಿದು ಅದರ ಜಾಯಿಂಟುಗಳು ಬೇಗ ಸವೆಯುತ್ತವೆ. ಸ್ಟೇರಿಂಗಿನ ಉದ್ದ ರಾಡು ಓರೆಯಾಗಿ, ಪ್ರತಿ ಗುಂಡಿಯಲ್ಲೂ ಬಂಡಿಯನ್ನು ಪಕ್ಕಕ್ಕೆ ಎಳೆಯುತ್ತದೆ. ಅಷ್ಟು ಎತ್ತರ ಸಿಕ್ಕ ಮೇಲೆ ಮಾಲೀಕ ಸುಮ್ಮನಿರುವುದೂ ಇಲ್ಲ, ದೊಡ್ಡ ಟೈರು ಹಾಕಿಸುತ್ತಾನೆ. ಆಗ ಹಳೆಯ ತಕರಾರು ಮರಳಿ ಬರುತ್ತದೆ. ಫುಲ್ ಕಟ್‌ನಲ್ಲಿ ಟೈರಿನ ಒಳಗೋಡೆ ಸ್ಪ್ರಿಂಗಿಗೋ ಚಾಸಿಗೋ ಉಜ್ಜುತ್ತದೆ. ಒಂದು ಚಕ್ರ ಗುಡ್ಡ ಹತ್ತಿದಾಗ ಮೇಲಂಚು ಮಡ್‌ಗಾರ್ಡಿಗೆ ತಾಗುತ್ತದೆ.

ಇದಕ್ಕಿರುವ ಮದ್ದುಗಳು ಸರಳ, ಒಂದೊಂದಕ್ಕೂ ಬೆಲೆಯುಂಟು. ಸ್ಟೇರಿಂಗ್ ತಿರುಗುವ ಮಿತಿಯನ್ನು ನಿಲ್ಲಿಸುವ ಬೋಲ್ಟನ್ನು ಹೊರಕ್ಕೆ ತಿರುಗಿಸಿದರೆ ಉಜ್ಜುವುದು ನಿಲ್ಲುತ್ತದೆ, ಬಂಡಿ ತಿರುಗಲು ಹೆಚ್ಚು ಜಾಗ ಬೇಡುತ್ತದೆ. ಅಚ್ಚು ಮತ್ತು ಚಾಸಿಯ ನಡುವಿನ ರಬ್ಬರ್ ತುಂಡು, ಅಂದರೆ ಬಂಪ್ ಸ್ಟಾಪನ್ನು ಉದ್ದ ಮಾಡಿದರೆ ಟೈರು ಮಡ್‌ಗಾರ್ಡ್ ಮುಟ್ಟುವ ಮೊದಲೇ ಅಚ್ಚು ನಿಲ್ಲುತ್ತದೆ, ಆದರೆ ಸ್ಪ್ರಿಂಗಿನ ಓಟ ಅಷ್ಟು ಕುಗ್ಗುತ್ತದೆ. ಹೊರಕ್ಕೆ ಚಾಚುವ ಚಕ್ರದ ಡಿಸ್ಕ್ ಹಾಕಿದರೆ ಒಳಗಡೆ ಜಾಗ ಸಿಗುತ್ತದೆ, ಉಜ್ಜುವುದು ಬಂಪರಿನ ಮೂಲೆಗೆ ವರ್ಗವಾಗುತ್ತದೆ, ಬೇರಿಂಗಿನ ಮೇಲಿನ ಭಾರವೂ ಹೆಚ್ಚುತ್ತದೆ. ಈ ನಷ್ಟಗಳನ್ನು ತೂಗಿ ನೋಡಿ, ಆ ಬಂಡಿ ಹೋಗುವ ದಾರಿಗೆ ಯಾವುದು ಸಲ್ಲುತ್ತದೆಂದು ಹೇಳಬಲ್ಲವನೇ ನಿಜವಾದ ಮೇಸ್ತ್ರಿ. ಅಂಥವನು ಬಂಡಿಯನ್ನು ಸಮನೆಲದಲ್ಲಿ ನೋಡಿ ತೃಪ್ತನಾಗುವುದಿಲ್ಲ. ಮುಂದಿನ ಎಡ ಚಕ್ರ, ಹಿಂದಿನ ಬಲ ಚಕ್ರ ಎರಡನ್ನೂ ದಿಮ್ಮಿಯ ಮೇಲೆ ಹತ್ತಿಸಿ, ಸ್ಟೇರಿಂಗನ್ನು ಎರಡೂ ಕೊನೆಗೆ ತಿರುಗಿಸಿ ಬೆರಳಾಡಿಸಿ ನೋಡುತ್ತಾನೆ.

ಈ ವಿದ್ಯೆ ಚೆನ್ನೈನಲ್ಲಿ ಬೇರೂರಲು ಸುತ್ತಲ ಕಾರ್ಖಾನೆಗಳೇ ಕಾರಣ. 1946ರಲ್ಲಿ ಕೆ. ಎಂ. ಮಾಮ್ಮನ್ ಮಾಪ್ಪಿಳೈ ತಿರುವೊಟ್ಟಿಯೂರಿನಲ್ಲಿ ಆಟದ ಬಲೂನು ಮಾಡಲು ಹೊರಟದ್ದೇ ಎಂಆರ್‌ಎಫ್; 1961ರ ಹೊತ್ತಿಗೆ ಅದು ಅಮೆರಿಕದ ಮ್ಯಾನ್ಸ್‌ಫೀಲ್ಡ್ ಕಂಪನಿಯೊಡನೆ ಸೇರಿ ಟೈರಿಗೆ ಕೈಹಾಕಿತ್ತು. ಪಾಡಿಯಲ್ಲಿ ವೀಲ್ಸ್ ಇಂಡಿಯಾ ಚಕ್ರ ಮಾಡಿತು. ರಾಣೆ ಮದ್ರಾಸ್ ಸ್ಟೇರಿಂಗಿನ ಟೈ ರಾಡ್ ಕೀಲುಗಳನ್ನು ಮಾಡಿತು. ಎಣ್ಣೂರಿನಲ್ಲಿ ಅಶೋಕ್ ಲೇಲ್ಯಾಂಡ್, ವಂಡಲೂರಿನ ಕಡೆ ಸ್ಟ್ಯಾಂಡರ್ಡ್ ಮೋಟಾರ್. ಎಗ್ಮೋರಿನ ಪಕ್ಕ ಕೂವಂ ನದಿಯ ದಡದ ಪುದುಪೇಟೆಯಲ್ಲಿ ಇವೆಲ್ಲದರ ಬಿಚ್ಚಿಟ್ಟ ಹಳೆಯ ಭಾಗಗಳು ಸಿಗುತ್ತಿದ್ದವು. ಹೊಸದು ಮಾಡುವವರೂ ಹಳೆಯದು ಬಿಚ್ಚುವವರೂ ಒಂದೇ ಊರಲ್ಲಿದ್ದರೆ ನಡುವಿನ ಗ್ಯಾರೇಜು ಬೇಗ ಕಲಿಯುತ್ತದೆ.

ಆವಡಿಯ ಭಾರೀ ವಾಹನ ಕಾರ್ಖಾನೆಯನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು. 1965ರ ಕೊನೆಯಲ್ಲಿ ಅಲ್ಲಿಂದ ಹೊರಬಂದ ವಿಜಯಂತ ಟ್ಯಾಂಕಿನ ಚಕ್ರಗಳನ್ನು ಹೊತ್ತದ್ದು ಟಾರ್ಷನ್ ಬಾರ್. ಅದು ಒಂದು ತುದಿ ಬಿಗಿದು ಇನ್ನೊಂದು ತುದಿಯನ್ನು ತಿರುಚಿದರೆ ಸ್ಪ್ರಿಂಗಿನ ಕೆಲಸ ಮಾಡುವ ಉಕ್ಕಿನ ಸಲಾಕೆ. ಅದೇ ತತ್ತ್ವ ದಶಕಗಳ ನಂತರ ಅದೇ ಸುತ್ತಮುತ್ತಲಲ್ಲಿ ಸಾರ್ವಜನಿಕರ ಕೈಗೆ ಬಂತು. ತಿರುವಳ್ಳೂರಿನ ಹಿಂದೂಸ್ತಾನ್ ಮೋಟರ್ಸ್ ಕಾರ್ಖಾನೆಯಲ್ಲಿ ಜೋಡಿಸಿದ ಮಿತ್ಸುಬಿಷಿ ಪಜೆರೊ, ಮರೈಮಲೈ ನಗರದ ಫೋರ್ಡ್ ಕಾರ್ಖಾನೆಯಿಂದ 2003ರಲ್ಲಿ ಬಂದ ಮೊದಲ ಎಂಡೆವರ್ ಎರಡರ ಮುಂಭಾಗದಲ್ಲೂ ಟಾರ್ಷನ್ ಬಾರ್ ಇತ್ತು. ಅದರ ಬೋಲ್ಟನ್ನು ಬಿಗಿ ಮಾಡಿದರೆ ಮೂತಿ ಏಳುತ್ತದೆ, ಖರ್ಚಿಲ್ಲ. ಹಾಗೆ ಏರಿಸಿದಾಗ ಮುಂದಿನ ತೋಳುಗಳು ಕೆಳಕ್ಕೆ ವಾಲಿ, ಬಾಲ್ ಜಾಯಿಂಟು ಮತ್ತು ಡ್ರೈವ್ ಶಾಫ್ಟಿನ ರಬ್ಬರ್ ಕವಚ ನಲುಗುತ್ತವೆ. ಚಕ್ರ ಕೆಳಕ್ಕೆ ಇಳಿಯಲು ಉಳಿದಿದ್ದ ಅಂತರವೂ ಮುಗಿದುಹೋಗುತ್ತದೆ. ಒಂದು ಬೋಲ್ಟಿನ ಆಸೆಗೆ ಒಳ್ಳೆಯ ಬಂಡಿ ಹಾಳಾಗುವುದನ್ನು ಕಂಡರೆ ಕಸುಬು ಬಲ್ಲವರ ಹೊಟ್ಟೆ ಉರಿಯುತ್ತದೆ.

ಮಲೆನಾಡಿನವರಿಗೆ ಎತ್ತರದ ಜೀಪು ಹೊಸದಲ್ಲ. ಕೊಡಚಾದ್ರಿಗೆ, ಕೊಡಗಿನ ಮಾಂದಲ್‌ಪಟ್ಟಿಗೆ ಹತ್ತುವ ಬಾಡಿಗೆ ಜೀಪುಗಳು ಮಳೆ ಕೊರೆದ ಕೊರಕಲಿನಲ್ಲಿ ಹೊಟ್ಟೆ ತಾಗದೆ ಸಾಗಬೇಕು. ಸಪಾಟು ನೆಲದ ಚೆನ್ನೈಗೆ ಇದೇಕೆ ಬೇಕಾಯಿತು ಎಂದು ಅವರಿಗೆ ಅನ್ನಿಸಬಹುದು. ಒಂದು ಕಾರಣ ಮರಳು. ನಗರದ ದಕ್ಷಿಣಕ್ಕೆ ಪಾಲಾರಿನ ಒಣ ಮರಳು ಮೈಲಿಗಟ್ಟಲೆ ಹರಡಿದೆ. ನಾಲ್ಕು ಚಕ್ರ ಚಾಲನೆಯ ಹವ್ಯಾಸಿಗಳು ಅಲ್ಲಿಗೇ ಹೋಗುತ್ತಾರೆ. ಇನ್ನೊಂದು ಕಾರಣ ನೀರು. 2015ರ ಡಿಸೆಂಬರಿನಲ್ಲಿ ಅಡಯಾರು ಉಕ್ಕಿ ನಗರ ಮುಳುಗಿದಾಗ ತಗ್ಗಿನ ಕಾರುಗಳು ಸಾಲಾಗಿ ಕೆಟ್ಟು ನಿಂತವು. ಎತ್ತರದ ಬಂಡಿಯ ಬೆಲೆ ಆ ವಾರ ಊರಿಗೇ ತಿಳಿಯಿತು.

2020ರಲ್ಲಿ ಬಂದ ಎರಡನೆಯ ತಲೆಮಾರಿನ ಥಾರ್ ರೂಪುಗೊಂಡದ್ದು ಚೆನ್ನೈ ಹೊರವಲಯದ ಮಹೀಂದ್ರ ರಿಸರ್ಚ್ ವ್ಯಾಲಿಯಲ್ಲಿ. ಅದರ 18 ಇಂಚಿನ ಚಕ್ರದ ಮಾದರಿಯಲ್ಲಿ ಮೂಲ ಟೈರು 255/65 ಆರ್18. ಎತ್ತರ ಲೆಕ್ಕ ಹಾಕಿದರೆ ಸುಮಾರು 789 ಮಿಲಿಮೀಟರ್. ಅದರ ಜಾಗಕ್ಕೆ 285/70 ಆರ್17 ಹಾಕಿದರೆ 831 ಆಗುತ್ತದೆ. ಹಿಂದಿನ ಅಚ್ಚಿನ ಡಿಫರೆನ್ಷಿಯಲ್ ನೆಲದಿಂದ ಮೇಲೇಳುವುದು ಆ ವ್ಯತ್ಯಾಸದ ಅರ್ಧ, ಅಂದರೆ 21 ಮಿಲಿಮೀಟರ್ ಮಾತ್ರ. ಸ್ಪ್ರಿಂಗ್ ಏರಿಸಿದರೆ ಬಂಡಿಯ ಮೈ ಏಳುತ್ತದೆ, ಆ ಅಚ್ಚು ಏಳುವುದಿಲ್ಲ. ಅಷ್ಟು ಲಾಭಕ್ಕೆ ಟೈರಿನ ಅಗಲ 30 ಮಿಲಿಮೀಟರ್ ಬೆಳೆದು, ಒಳಗೂ ಹೊರಗೂ ಉಜ್ಜುವ ಅವಕಾಶ ಹೆಚ್ಚುತ್ತದೆ. ಈ ಲೆಕ್ಕವನ್ನು ಗಿರಾಕಿಯ ಮುಂದೆ ಕಾಗದದಲ್ಲಿ ಬರೆದು ತೋರಿಸುವ ಗ್ಯಾರೇಜನ್ನು ನಂಬಬಹುದು.

ಕಾನೂನೂ ನಡುವೆ ಬಂತು. ತಯಾರಕರು ನಮೂದಿಸಿದ ವಿವರಗಳಿಗೆ ವ್ಯತಿರಿಕ್ತವಾಗುವಂತೆ ವಾಹನವನ್ನು ಬದಲಿಸಕೂಡದೆಂದು ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಹೇಳುತ್ತದೆ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಹವ್ಯಾಸಿಗಳಿಗೆ ಬೇಸರವಾಗಿದೆ, ಆದರೆ ಬೇಕಾಬಿಟ್ಟಿ ಬೆಸೆದ ಅಚ್ಚೊಂದು ಹೆದ್ದಾರಿಯಲ್ಲಿ ಕಳಚಿದರೆ ಸಾಯುವವರು ಎದುರಿಗೆ ಬರುವವರು.

ಕಾಯಿಲ್ ಸ್ಪ್ರಿಂಗಿನ ಬಂಡಿಗಳು ಉಜ್ಜುವ ತಕರಾರಿಗೆ ಹೊಸ ರೂಪ ಕೊಟ್ಟಿವೆ. ಪಟ್ಟಿಯ ಸ್ಪ್ರಿಂಗ್ ಅಚ್ಚನ್ನು ಹೊರುವುದರ ಜೊತೆಗೆ ಹಿಡಿದೂ ಇಡುತ್ತಿತ್ತು. ಕಾಯಿಲ್‌ಗೆ ಹೊರಲಷ್ಟೇ ಬರುತ್ತದೆ, ಹಿಡಿಯಲು ತೋಳುಗಳು ಬೇಕು. 2023ರಲ್ಲಿ ಇಲ್ಲಿ ಬಿಡುಗಡೆಯಾದ ಜಿಮ್ನಿ ಎಂಬ ಬಂಡಿಯಲ್ಲಿ ಅಚ್ಚು ಪಕ್ಕಕ್ಕೆ ಸರಿಯದಂತೆ ತಡೆಯುವುದು ಅಡ್ಡವಾಗಿ ಹಾಕಿದ ಒಂದು ರಾಡು. ಅದರ ಒಂದು ತುದಿ ಚಾಸಿಯಲ್ಲಿ, ಇನ್ನೊಂದು ಅಚ್ಚಿನಲ್ಲಿ. ಬಂಡಿಯನ್ನು ಏರಿಸಿದಾಗ ಆ ರಾಡು ಓರೆಯಾಗಿ ಅಚ್ಚನ್ನು ಒಂದು ಮಗ್ಗುಲಿಗೆ ಎಳೆಯುತ್ತದೆ, ಆ ಕಡೆಯ ಟೈರು ಹೊರಕ್ಕೆ ಚಾಚುತ್ತದೆ, ಈ ಕಡೆಯದು ಒಳಗೆ ಉಜ್ಜುತ್ತದೆ. ಉದ್ದದ ತೋಳುಗಳು ಕೆಳಕ್ಕೆ ವಾಲಿ ಮುಂದಿನ ಅಚ್ಚು ತುಸು ಹಿಂದಕ್ಕೂ ಸರಿಯುವುದರಿಂದ, ಫುಲ್ ಕಟ್‌ನಲ್ಲಿ ಟೈರು ಮಡ್‌ಗಾರ್ಡಿನ ಹಿಂಗೋಡೆ ಮುಟ್ಟುತ್ತದೆ. ಉದ್ದ ಬದಲಿಸಬಲ್ಲ ರಾಡು, ತೋಳುಗಳನ್ನು ಹಾಕಿ ಅಚ್ಚನ್ನು ಮತ್ತೆ ನಡುವಿಗೆ ತರಬೇಕು. ಎರಡೂ ಬದಿ ಅಳತೆ ಹಿಡಿದು, ಬಂಡಿ ತನ್ನದೇ ಭಾರದಲ್ಲಿ ನೆಲದ ಮೇಲೆ ನಿಂತಿರುವಾಗ ತೋಳುಗಳ ತುದಿಯ ರಬ್ಬರ್ ಬುಶ್ಶಿನ ಬೋಲ್ಟುಗಳನ್ನು ಬಿಗಿಯಬೇಕು. ಗಾಳಿಯಲ್ಲಿ ತೂಗುತ್ತಿರುವಾಗ ಬಿಗಿದರೆ ಬುಶ್ಶು ತಿರುಚಿಕೊಂಡು ಬೇಗ ಹರಿಯುತ್ತದೆ.

ಮಹೀಂದ್ರದ ಚೆನ್ನೈ ಎಂಜಿನಿಯರರು ಈ ಅಡ್ಡ ಎಳೆತಕ್ಕೆ ಹಳೆಯದೊಂದು ಪರಿಹಾರವನ್ನು ಎತ್ತಿಕೊಂಡಿದ್ದಾರೆ. 2022ರ ಸ್ಕಾರ್ಪಿಯೊ-ಎನ್‌ನ ಹಿಂದಿನ ಅಚ್ಚನ್ನು ನಡುವಿನಲ್ಲಿ ಹಿಡಿಯುವುದು ವಾಟ್ಸ್ ಲಿಂಕೇಜ್. ನಡುವೆ ತಿರುಗುವ ಒಂದು ತುಂಡು, ಅದರ ಎರಡು ತುದಿಗಳಿಂದ ವಿರುದ್ಧ ದಿಕ್ಕಿಗೆ ಹೊರಟ ಎರಡು ರಾಡುಗಳು. ಒಂದು ಎಳೆದಷ್ಟೇ ಇನ್ನೊಂದು ಎದುರು ಎಳೆಯುವುದರಿಂದ ಅಚ್ಚು ಬಹುಮಟ್ಟಿಗೆ ನೇರವಾಗಿ ಏರಿ ಇಳಿಯುತ್ತದೆ. ಜೇಮ್ಸ್ ವಾಟ್ ಇದಕ್ಕೆ ಪೇಟೆಂಟ್ ಪಡೆದದ್ದು 1784ರಲ್ಲಿ, ಉಗಿ ಎಂಜಿನ್ನಿನ ಪಿಸ್ಟನ್ ರಾಡು ಪಕ್ಕಕ್ಕೆ ಉಜ್ಜದೆ ಓಡಲಿ ಎಂದು.