ಚೀಟಿಯೊಳಗಿನ ಆಸ್ಟ್ರೇಲಿಯಾ

1988ರಲ್ಲಿ ನನ್ನ ಅಣ್ಣ ಆಸ್ಪತ್ರೆಯಲ್ಲಿದ್ದಾಗ ವೈದ್ಯರು ಅವನ ರಕ್ತಪರೀಕ್ಷೆಯ ಚೀಟಿಯನ್ನು ನೋಡಿ, "ಆಸ್ಟ್ರೇಲಿಯಾ ಆಂಟಿಜೆನ್ ಪಾಸಿಟಿವ್" ಎಂದರು. ನಮ್ಮ ತಾಯಿ ಬಹಳ ಹೊತ್ತು ಯೋಚಿಸಿ ನನ್ನನ್ನು ಮೆಲ್ಲನೆ ಕೇಳಿದರು: "ಅವನು ಆಸ್ಟ್ರೇಲಿಯಾಕ್ಕೆ ಯಾವಾಗ ಹೋಗಿದ್ದನೋ?"

ಮದರಾಸಿನಿಂದಾಚೆಗೆ ಅಣ್ಣ ಎಲ್ಲಿಗೂ ಹೋದವನಲ್ಲ. ಶಬ್ದಗಳ ಹುಟ್ಟನ್ನು ಹೇಳಬಲ್ಲೆನೆಂಬ ಜಂಬ ಕನ್ನಡ ಎಂ.ಎ. ಆದ ನನಗಿತ್ತು, ಈ ಶಬ್ದದ ಮುಂದೆ ಅದು ನಡೆಯಲಿಲ್ಲ. ಅಣ್ಣ ಆ ವರ್ಷವೇ ಯಕೃತ್ತಿನ ಬೇನೆಯಿಂದ ತೀರಿಕೊಂಡ. ತಾಯಿಯ ಪ್ರಶ್ನೆ ನನ್ನ ಬಳಿಯೇ ಉಳಿಯಿತು.

ಕಾಮಾಲೆ ನಮಗೆ ಹೊಸ ರೋಗವೇನಲ್ಲ. ಆದರೆ ಅದು ಸೂಜಿಯ ಮೂಲಕವೂ ಹರಡಬಹುದೆಂಬುದು ತಿಳಿದದ್ದು ಈಚೆಗೆ. 1883ರಲ್ಲಿ ಜರ್ಮನಿಯ ಬ್ರೆಮೆನ್ ಬಂದರಿನಲ್ಲಿ ಹಡಗು ಕಟ್ಟುವ 1,289 ಮಂದಿಗೆ ಸಿಡುಬಿನ ದೇವಿ ಹಾಕಿದರು. ಮನುಷ್ಯರ ಮೈಯಿಂದಲೇ ತೆಗೆದ ರಸ ಅದು. ಕೆಲವು ವಾರಗಳಿಂದ ತಿಂಗಳುಗಳೊಳಗೆ ಅವರಲ್ಲಿ 191 ಮಂದಿಗೆ ಕಾಮಾಲೆಯಾಯಿತು. 1947ರಲ್ಲಿ ಇಂಗ್ಲೆಂಡಿನ ಮೆಕ್ಕಲಮ್, ಆಹಾರ ನೀರಿನಿಂದ ಬರುವ ಬಗೆಯನ್ನು ಎ ಎಂದೂ ರಕ್ತದಿಂದ ಬರುವುದನ್ನು ಬಿ ಎಂದೂ ಕರೆದ. ಹೆಸರೇನೋ ಬಂತು, ರೋಗಾಣು ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ.

ಅದು ಸಿಕ್ಕಿದ್ದು ಅದನ್ನು ಹುಡುಕದೆ ಇದ್ದವರಿಗೆ! ಅಮೆರಿಕದ ಬರೂಕ್ ಬ್ಲೂಮ್‌ಬರ್ಗ್ ಎಂಬ ವೈದ್ಯ ಬೇರೆ ಬೇರೆ ಜನಾಂಗಗಳ ರಕ್ತದಲ್ಲಿರುವ ಹುಟ್ಟುವ್ಯತ್ಯಾಸಗಳನ್ನು ಅರಸುತ್ತಿದ್ದ. ಅವನ ತರ್ಕ ಸರಳವಾದದ್ದು. ಪದೇ ಪದೇ ಪರರ ರಕ್ತವನ್ನು ಪಡೆದ ರೋಗಿಯ ದೇಹ, ತನ್ನದಲ್ಲದ ಅಂಶಗಳಿಗೆದುರಾಗಿ ಪ್ರತಿಕಾಯಗಳನ್ನು ಸೃಷ್ಟಿಸಿಕೊಂಡಿರಬೇಕು. ಅಂಥವರ ಸೀರಂ ಅನ್ನು, ಎಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವವನ್ನು, ಲೋಳೆಯಂಥ ಅಗರ್ ಪದರದ ಒಂದು ಕುಳಿಯಲ್ಲಿ ಹಾಕಿ, ಸುತ್ತಲಿನ ಕುಳಿಗಳಲ್ಲಿ ದೂರದೂರದ ಜನರ ಸೀರಂ ಅನ್ನು ಹಾಕುತ್ತಿದ್ದರು. ಎರಡೂ ಹರಿದು ಬಂದು ಸಂಧಿಸುವಲ್ಲಿ ಬಿಳಿಯ ಗೆರೆಯೊಂದು ಮೂಡಿದರೆ ಅಲ್ಲಿ ಪ್ರತಿಕಾಯವೂ ಅದನ್ನು ಹುಟ್ಟಿಸಿದ ಪ್ರತಿಜನಕವೂ ಭೇಟಿಯಾದವೆಂದು ಅರ್ಥ. 1963ರಲ್ಲಿ ನ್ಯೂಯಾರ್ಕಿನ ಒಬ್ಬ ರೋಗಿಯ ಸೀರಂ ಹೀಗೊಂದು ಗೆರೆಯನ್ನು ಬರೆಯಿತು. ರಕ್ತಸ್ರಾವ ನಿಲ್ಲದ ಹೀಮೋಫಿಲಿಯಾ ಆತನ ರೋಗ. ಎದುರು ಕುಳಿಯಲ್ಲಿದ್ದುದು ಆಸ್ಟ್ರೇಲಿಯಾದ ಒಬ್ಬ ಮೂಲನಿವಾಸಿಯ ಸೀರಂ. ಬ್ಲೂಮ್‌ಬರ್ಗ್ ಮತ್ತು ಅವನ ಸಹೋದ್ಯೋಗಿ ಹಾರ್ವೆ ಆಲ್ಟರ್ ಆ ಅಪರಿಚಿತ ಪ್ರತಿಜನಕಕ್ಕೆ ಅದು ದೊರೆತ ನಾಡಿನ ಹೆಸರನ್ನೇ ಇಟ್ಟರು.

ನಮ್ಮ ತಾಯಿಗೆ ಕೊಡಬೇಕಾಗಿದ್ದ ಉತ್ತರ ಇಷ್ಟೆ. ಮೊದಲು ಕಂಡ ಸ್ಥಳ ಅದು, ರೋಗದ ತವರಲ್ಲ. ಯಾವ ತಪ್ಪೂ ಮಾಡದ ಒಂದು ಖಂಡದ ಹೆಸರು ಇಂದಿಗೂ ನಮ್ಮೂರುಗಳ ಪ್ರಯೋಗಾಲಯದ ಚೀಟಿಗಳಲ್ಲಿ ಉಳಿದುಕೊಂಡಿದೆ.

ಅದು ಕಾಮಾಲೆಗೆ ಸಂಬಂಧಪಟ್ಟದ್ದೆಂದು ಆಗ ಅವರಿಗೂ ಹೊಳೆಯಲಿಲ್ಲ. ರಕ್ತದ ಕ್ಯಾನ್ಸರಿನ ಗುರುತಿರಬಹುದೆಂದು ಮೊದಲು ಊಹಿಸಿದರು. 1967ರಲ್ಲಿ, ಫಿಲಡೆಲ್ಫಿಯಾದ ಅವರ ಪ್ರಯೋಗಾಲಯದಲ್ಲಿ ಇದೇ ಪರೀಕ್ಷೆಗಳನ್ನು ನಡೆಸುತ್ತಿದ್ದ ಸಹಾಯಕಿಯೊಬ್ಬಳಿಗೆ ಮೈ ಸರಿಯಿಲ್ಲವೆನಿಸಿತು. ಸಂಜೆ ಆಕೆ ತನ್ನ ರಕ್ತವನ್ನೇ ಪರೀಕ್ಷೆಗಿಟ್ಟು ಹೋದಳು. ಬೆಳಗ್ಗೆ ನೋಡಿದರೆ ಮಸುಕಾದ ಗೆರೆ. ಆಮೇಲೆ ಆಕೆಗೆ ಕಾಮಾಲೆಯಾಯಿತು. ಅದೃಷ್ಟವಶಾತ್ ಗುಣವೂ ಆಯಿತು. ನೊಬೆಲ್ ಪ್ರಶಸ್ತಿ 1976ರಲ್ಲಿ ಬ್ಲೂಮ್‌ಬರ್ಗ್‌ಗೆ ಸಂದಿತು, ಆದರೆ ಈ ಕಥೆಯಲ್ಲಿ ನನಗೆ ಹತ್ತಿರವಾಗಿ ಕಾಣುವುದು ಆ ಬೆಳಗ್ಗೆ ತನ್ನ ಗೆರೆಯನ್ನು ತಾನೇ ಓದಿಕೊಂಡ ಹೆಣ್ಣುಮಗಳು.

1970ರಲ್ಲಿ ಲಂಡನ್ನಿನ ಡೇನ್, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇಡೀ ವೈರಸ್ಸನ್ನು ಕಂಡ. ಅದಕ್ಕೊಂದು ಹೊರಕವಚ, ಒಳಗೊಂದು ತಿರುಳು. ಆಸ್ಟ್ರೇಲಿಯಾ ಆಂಟಿಜೆನ್ ಎಂಬುದು ಆ ಹೊರಕವಚದ ಅಂಶವೇ. ತೆಂಗಿನಕಾಯಿಯ ಸಿಪ್ಪೆಯೂ ಕೊಬ್ಬರಿಯೂ ಬೇರೆಬೇರೆಯಾಗಿರುವಂತೆ ಇವೆರಡರ ಪ್ರತಿಕಾಯಗಳೂ ಬೇರೆಬೇರೆ. ಇದನ್ನರಿಯದೆ ಚೀಟಿಯನ್ನು ಓದಲಾಗದು.

ಕಳೆದ ವರ್ಷ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಮೊದಲು ನನ್ನ ರಕ್ತದ ಪರೀಕ್ಷೆಯಾಯಿತು. ಅಣ್ಣನ ವಿಷಯ ತಿಳಿದಿದ್ದ ವೈದ್ಯರು ಮೂರು ಪರೀಕ್ಷೆಗಳನ್ನು ಬರೆದುಕೊಟ್ಟಿದ್ದರು. ಸಂಜೆ ಬಂದ ಚೀಟಿಯಲ್ಲಿ ಮೊದಲ ಸಾಲು 'ನೆಗೆಟಿವ್'. ಉಳಿದ ಎರಡೂ 'ಪಾಸಿಟಿವ್'. ವೈದ್ಯರು ಊರಲ್ಲಿರಲಿಲ್ಲ. ಎರಡು ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಅಣ್ಣನ ಹಳದಿಗಟ್ಟಿದ ಕಣ್ಣುಗಳೇ ಎದುರಿಗೆ ಬರುತ್ತಿದ್ದವು. ಹೆಂಡತಿಗೆ ಹೇಳಲೂ ಧೈರ್ಯವಾಗದೆ ನನ್ನ ಲೋಟವನ್ನು ಬೇರೆ ಇಟ್ಟುಕೊಂಡೆ. ಲೋಟದಿಂದ ಈ ರೋಗ ಹರಡುವುದಿಲ್ಲವೆಂಬುದು ಕೂಡ ಆಗ ನನಗೆ ತಿಳಿದಿರಲಿಲ್ಲ!

ಮೂರನೆಯ ದಿನ ವೈದ್ಯರು ನಕ್ಕರು. ಹೊರಕವಚವೇ ರಕ್ತದಲ್ಲಿದ್ದರೆ ವೈರಸ್ ಈಗ ದೇಹದಲ್ಲಿದೆಯೆಂದು ಅರ್ಥ. ಆರು ತಿಂಗಳು ಕಳೆದರೂ ಹೋಗದಿದ್ದರೆ ಅದು ನೆಲೆಯೂರಿದೆ. ನನ್ನಲ್ಲಿ ಅದಿಲ್ಲ. ಕವಚದ ವಿರುದ್ಧ ಹುಟ್ಟಿದ ಪ್ರತಿಕಾಯ ಪಾಸಿಟಿವ್ ಆದರೆ ಅದು ರೋಗವಲ್ಲ, ರಕ್ಷೆ. ಲಸಿಕೆ ಹಾಕಿಸಿಕೊಂಡವರಲ್ಲಿಯೂ ಅದಿರುತ್ತದೆ, ಏಕೆಂದರೆ ಲಸಿಕೆಯಲ್ಲಿರುವುದು ಕವಚದ ಅಂಶ ಮಾತ್ರ. ಆದರೆ ತಿರುಳಿನ ವಿರುದ್ಧದ ಪ್ರತಿಕಾಯವನ್ನು ಲಸಿಕೆ ಹುಟ್ಟಿಸಲಾರದು. ಅದು ನನ್ನಲ್ಲಿತ್ತು. ಎಂದರೆ ಎಂದೋ ಒಮ್ಮೆ ವೈರಸ್ ನನ್ನ ಮೈಯನ್ನು ಹೊಕ್ಕಿತ್ತು, ನನಗೆ ತಿಳಿಯದಂತೆ ನನ್ನ ದೇಹ ಅದನ್ನು ಗೆದ್ದಿತ್ತು.

ಒಂದೇ ಮನೆಯಲ್ಲಿ ಬೆಳೆದ ಇಬ್ಬರಲ್ಲಿ ಹೀಗೇಕಾಯಿತು? ಬೆಳೆದ ಮೇಲೆ ಈ ವೈರಸ್ ತಗುಲಿದವರಲ್ಲಿ ನೂರಕ್ಕೆ 95 ಮಂದಿ ಅದನ್ನು ತಾವೇ ನೀಗಿಕೊಳ್ಳುತ್ತಾರೆ. ಹುಟ್ಟುವಾಗ ತಾಯಿಯಿಂದ ಪಡೆದ ಶಿಶುಗಳಲ್ಲಾದರೋ ನೂರಕ್ಕೆ 90ರಲ್ಲಿ ಅದು ಉಳಿದುಬಿಡುತ್ತದೆ. ಹೆರಿಗೆಯಾದ 24 ಗಂಟೆಗಳೊಳಗೆ ಲಸಿಕೆ ಹಾಕಬೇಕೆನ್ನುವುದು ಇದರಿಂದಲೇ. ಮೊದಲ ಲಸಿಕೆಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1981ರಲ್ಲಿ. ಅಣ್ಣ ಹುಟ್ಟಿ ಆಗಲೇ ಮೂವತ್ತು ವರ್ಷಗಳಾಗಿದ್ದವು. ಅವನಿಗೆ ಅದು ತಾಯಿಯಿಂದ ಬಂತೋ, ಕುದಿಸದ ಗಾಜಿನ ಸಿರಿಂಜಿನಿಂದ ಬಂತೋ ಹೇಳುವುದಕ್ಕೆ ಯಾವ ಚೀಟಿಯೂ ಇಲ್ಲ. ತಾಯಿಯ ರಕ್ತವನ್ನು ಯಾರೂ ಪರೀಕ್ಷಿಸಲಿಲ್ಲ. ನಮ್ಮದನ್ನೂ ಪರೀಕ್ಷಿಸಿಕೊಳ್ಳಿರೆಂದು ಅಂದು ನಮಗೆ ಹೇಳಿದವರಿಲ್ಲ.

ಹೊರಡುವಾಗ ವೈದ್ಯರು ಒಂದು ಮಾತು ಸೇರಿಸಿದರು. ಗೆದ್ದ ವೈರಸ್ಸಿನ ಕುರುಹು ಯಕೃತ್ತಿನಲ್ಲಿ ಅಡಗಿರುವುದುಂಟು. ಮುಂದೆ ಕ್ಯಾನ್ಸರಿಗೋ ಮತ್ತೊಂದಕ್ಕೋ ದೇಹದ ರಕ್ಷಣೆಯನ್ನು ಕುಗ್ಗಿಸುವ ಔಷಧಿ ಕೊಡುವುದಾದರೆ ಈ ಚೀಟಿಯನ್ನು ಮೊದಲು ತೋರಿಸಬೇಕು. ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಚೀಟಿಯನ್ನು ಮಡಿಸಿ, ಮನೆಯ ಕ್ರಯಪತ್ರವಿರುವ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟಳು. ಆಮೇಲೆ ನನ್ನ ಲೋಟವನ್ನು ತೆಗೆದು ಉಳಿದವುಗಳ ಜೊತೆಗೆ ಸೇರಿಸಿದಳು.